ಮಂಚ ಬಿಟ್ಟು ಮಲಗಿದ ಬ್ರಿಗೇಡಿಯರ್

ನಿಮ್ಮ ಮನೆಯಲ್ಲಿ ಉಗ್ಗುವ ಮಕ್ಕಳಿದ್ದಾರೆಯೇ? ನನ್ನ ಕಿರಿಯ ಮಗ ಉಗ್ಗುತ್ತಾನೆ. ಕೆಲವು ಅಕ್ಷರಗಳ ಮುಂದೆ ಅವನ ತುಟಿ ನಿಂತೇ ಬಿಡುತ್ತದೆ. ಕಳೆದ ವರ್ಷ ಸ್ವಾತಂತ್ರ್ಯ ದಿನಾಚರಣೆಯ ಭಾಷಣಕ್ಕೆ ಹೆಸರು ಕೊಟ್ಟಿದ್ದ. "ನೀನು ಹಾಡಿನ ಗುಂಪಿನಲ್ಲಿ ನಿಂತರೆ ಸಾಕು" ಎಂದರಂತೆ ಶಾಲೆಯಲ್ಲಿ. ಮನೆಗೆ ಬಂದವನು ಊಟವನ್ನೂ ಮಾಡದೆ ಗೋಡೆಯ ಕಡೆ ತಿರುಗಿ ಮಲಗಿದ. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಆಗ ಅವನ ತಂದೆ ಪಕ್ಕದಲ್ಲಿ ಕುಳಿತು ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್‌ರ ಕಥೆ ಹೇಳತೊಡಗಿದರು.

ಉಸ್ಮಾನ್ ಹುಟ್ಟಿದ್ದು 1912ರ ಜುಲೈ 15ರಂದು, ಉತ್ತರ ಪ್ರದೇಶದ ಆಝಂಗಡ ಜಿಲ್ಲೆಯಲ್ಲಿ. ಅವರೂ ಚಿಕ್ಕಂದಿನಲ್ಲಿ ಉಗ್ಗುತ್ತಿದ್ದರು. ತಂದೆ ಪೊಲೀಸ್ ಅಧಿಕಾರಿ. ಮಗನನ್ನೂ ಅದೇ ಇಲಾಖೆಗೆ ಸೇರಿಸಬೇಕೆಂದು ತನ್ನ ಮೇಲಧಿಕಾರಿಯ ಬಳಿಗೆ ಕರೆದೊಯ್ದರಂತೆ. ವಿಚಿತ್ರ ನೋಡಿ, ಆ ಅಧಿಕಾರಿಯೂ ಉಗ್ಗುತ್ತಿದ್ದರು! ಹುಡುಗ ಉತ್ತರಿಸಿದಾಗ ತನ್ನನ್ನು ಅಣಕಿಸುತ್ತಿದ್ದಾನೆಂದು ಅವರು ಸಿಟ್ಟಾದರಂತೆ. ಮಗ ಗೋಡೆಯಿಂದ ಈ ಕಡೆ ತಿರುಗಿದ್ದು ಇಲ್ಲಿಯೇ.

ಪೊಲೀಸ್ ಕೆಲಸ ಸಿಗದ ಹುಡುಗ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಕಲಿತು ಬಲೂಚ್ ರೆಜಿಮೆಂಟಿನ ಅಧಿಕಾರಿಯಾದರು. 1947ರಲ್ಲಿ ದೇಶ ವಿಭಜನೆಯಾದಾಗ ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಉಸ್ಮಾನ್ ಹೋಗಲಿಲ್ಲ. ಅಲ್ಲಿನ ನಾಯಕರು ದೊಡ್ಡ ಹುದ್ದೆಯ ಆಸೆ ತೋರಿಸಿದ್ದರೆಂದೂ ಹೇಳುತ್ತಾರೆ. ಹುಟ್ಟಿದ ಮಣ್ಣನ್ನು ಬಿಟ್ಟು ಹೋಗದ ನಮ್ಮ ಅಜ್ಜಂದಿರ ಹಾಗೆ ಅವರೂ ಇಲ್ಲೇ ಉಳಿದರು. ಯಾರಾದರೂ ನಮ್ಮ ದೇಶನಿಷ್ಠೆಯನ್ನು ಪ್ರಶ್ನಿಸಿದಾಗ ಮಾತ್ರ ನಾವು ಈ ಹೆಸರನ್ನು ಪ್ರಮಾಣಪತ್ರದಂತೆ ಹೊರತೆಗೆಯುತ್ತೇವೆ. ಅದು ನನಗೇಕೋ ಹಿಡಿಸುವುದಿಲ್ಲ. ಅಂತಹ ಪ್ರಶ್ನೆ ಕೇಳುವವರಿಲ್ಲದ ದಿನವೂ ನೆನೆಯಬೇಕಾದ ಮನುಷ್ಯ ಅವರು.

ಕಾಶ್ಮೀರ ಯುದ್ಧದಲ್ಲಿ ಅವರ 50ನೇ ಪ್ಯಾರಾಚೂಟ್ ಬ್ರಿಗೇಡ್ ಜಮ್ಮು ಭಾಗದ ನೌಶೇರಾದಲ್ಲಿತ್ತು. 1947ರ ಡಿಸೆಂಬರ್ ಕೊನೆಗೆ ಹತ್ತಿರದ ಝಂಗರ್ ಕೈತಪ್ಪಿತು. ಮೀರ್‌ಪುರ ಮತ್ತು ಕೋಟ್ಲಿಯ ದಾರಿಗಳು ಸೇರುವ ಜಾಗವದು. ಝಂಗರ್ ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಉಸ್ಮಾನ್ ಶಪಥ ಮಾಡಿದರು. ಗುಡ್ಡಗಾಡಿನ ಚಳಿಗಾಲ, ನೆಲದ ಮೇಲೆ ಚಾಪೆ!

ಪಶ್ಚಿಮದ ಸೇನೆಯ ಹೊಣೆ ಹೊತ್ತು ಬಂದವರು ನಮ್ಮ ಕೊಡಗಿನ ಕಾರಿಯಪ್ಪ. ನೌಶೇರಾಕ್ಕೆ ಭೇಟಿ ಕೊಟ್ಟ ಅವರು ಉಸ್ಮಾನ್‌ರಲ್ಲಿ ಒಂದು ಉಡುಗೊರೆ ಕೇಳಿದರು. ಅದು ಕೋಟ್ ಎಂಬ ಎತ್ತರದ ಜಾಗ. 1948ರ ಫೆಬ್ರವರಿ ಆರಂಭದಲ್ಲಿ ಉಸ್ಮಾನ್ ಅದನ್ನು ಗೆದ್ದುಕೊಟ್ಟರು. ಕೆಲವೇ ದಿನಗಳಲ್ಲಿ, ಫೆಬ್ರವರಿ 6ರಂದು, ನೌಶೇರಾದ ಮೇಲೆ ನಡೆದ ಭಾರೀ ದಾಳಿಯನ್ನೂ ಹಿಮ್ಮೆಟ್ಟಿಸಿದರು. ಅವರ ತಲೆಗೆ ಶತ್ರುಗಳು 50,000 ರೂಪಾಯಿ ಬೆಲೆ ಕಟ್ಟಿದರು. ಜನರು 'ನೌಶೇರಾದ ಸಿಂಹ' ಎಂದು ಕರೆದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಸಂಗತಿ. ಆ ಊರಿನಲ್ಲಿ ಯುದ್ಧದಿಂದ ಅನಾಥರಾದ ಹುಡುಗರಿದ್ದರು. ಉಸ್ಮಾನ್ ಅವರನ್ನು ಒಟ್ಟುಗೂಡಿಸಿ 'ಬಾಲ ಸೇನೆ' ಕಟ್ಟಿ ಅನ್ನ, ಅಕ್ಷರಗಳ ಏರ್ಪಾಡು ಮಾಡಿದರು. ಆ ಮಕ್ಕಳು ಗುಂಡಿನ ನಡುವೆ ಸಂದೇಶಗಳನ್ನು ಒಯ್ದರಂತೆ. ತಾಯಿಯಾಗಿ ಅದನ್ನು ಓದುವಾಗ ಎದೆ ನಡುಗುತ್ತದೆ, ಮೆಚ್ಚುವುದೋ ಬೇಡವೋ ತಿಳಿಯುವುದಿಲ್ಲ. ಉಸ್ಮಾನ್ ಮದುವೆಯಾಗಿರಲಿಲ್ಲ. ಸಂಬಳದ ಬಹುಪಾಲು ಬಡ ಮಕ್ಕಳ ಓದಿಗೆ ಹೋಗುತ್ತಿತ್ತು.

ಮಾರ್ಚ್ 18ರಂದು ಝಂಗರ್ ಮರಳಿ ಕೈಸೇರಿತು. ಆಗಲೇ ಹಳ್ಳಿಯೊಂದರಿಂದ ಅವರಿಗಾಗಿ ಮಂಚ ತರಿಸಿದ್ದು. ಅದರ ಮೇಲೆ ಅವರು ಹೆಚ್ಚು ದಿನ ಮಲಗಲಿಲ್ಲ. ಜುಲೈ 3ರಂದು ಅದೇ ಝಂಗರ್‌ನಲ್ಲಿ ಫಿರಂಗಿ ಗುಂಡೊಂದು ಹತ್ತಿರವೇ ಸಿಡಿದು ಪ್ರಾಣಬಿಟ್ಟರು. 36 ತುಂಬಲು 12 ದಿನ ಬಾಕಿಯಿತ್ತು. ದಿಲ್ಲಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಪ್ರಧಾನಿ ನೆಹರೂ ಬಂದಿದ್ದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಕೆಲಸದ ಮೇಲೆ ದಿಲ್ಲಿಗೆ ಹೋದಾಗ ನಾವು ಜಾಮಿಯಾ ಮಿಲ್ಲಿಯಾದ ಕಬರಸ್ತಾನಕ್ಕೂ ಹೋದೆವು. ನಾನು ಗೇಟಿನ ಬಳಿ ನಿಂತೆ, ತಂದೆ ಮಗ ಒಳಗೆ ಹೋದರು. 2020ರ ಡಿಸೆಂಬರಿನಲ್ಲಿ ಆ ಕಬರಿನ ಕಲ್ಲು ಒಡೆದಿರುವ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಬಳಿಕ ಸೇನೆ ಅದನ್ನು ಸರಿಪಡಿಸಿತು. ಹೆಂಡತಿ ಮಕ್ಕಳಿಲ್ಲದವರ ಕಬರನ್ನು ಯಾರು ನೋಡಿಕೊಳ್ಳಬೇಕು ಹೇಳಿ? ಮಗ ಹೊರಬಂದು, "ಉಮ್ಮಾ, ನಾನು ದುಆ ಮಾಡಿದೆ" ಎಂದ. ಒಂದು ಅಕ್ಷರವೂ ತಡವರಿಸಲಿಲ್ಲ.

ಈ ವರ್ಷ ಶಾಲೆಗೆ ನಾನೇ ಹೋಗಿ ಕೇಳಿಕೊಂಡೆ. ಹೊಸ ಟೀಚರ್ ಒಪ್ಪಿದರು. ಆಗಸ್ಟ್ 15ರಂದು ಮೈಕಿನ ಮುಂದೆ ನಿಂತವನು ಮಂಚದ ಕಥೆಯವರೆಗೆ ಹೇಗೋ ಬಂದ. 'ಝಂಗರ್' ಎಂಬಲ್ಲಿ ಸಿಕ್ಕಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರ್ ಅವರತ್ತ ಒಮ್ಮೆ ನೋಡಿ ಸುಮ್ಮನೆ ಕಾದರು. ಸೆರಗಿನ ತುದಿ ಹಿಡಿದು ನಾನೂ ಕಾದೆ. ಐದನೆಯ ಸಲಕ್ಕೆ ಝಂಗರ್ ಬಂತು.