ಮೆಟ್ಟಿಲು ಒಳಗೋ ಹೊರಗೋ

ಕಳಸದ ಕಡೆ ಸಮತಟ್ಟು ನೆಲವಿದ್ದವನು ಅದೃಷ್ಟವಂತ. ಇಳಿಜಾರಿನ ಕೆಳಗೆ ಸಿಕ್ಕರೆ ಅದು ಗದ್ದೆ, ಮಳೆಗಾಲಕ್ಕೆ ನೀರು ನಿಲ್ಲುವ ಜಾಗ. ಗುಡ್ಡದ ಮೇಲೆ ಸಿಕ್ಕರೆ ಅದನ್ನು ಅಜ್ಜನ ಕಾಲದಲ್ಲೇ ಕಾಫಿ ಕಣ ಮಾಡಿಟ್ಟಿರುತ್ತಾರೆ. ಕೊಯ್ದು ತಂದ ಕಾಫಿ ಹಣ್ಣು ಒಣಗಲು ಒಳ್ಳೆಯ ಬಿಸಿಲಿದ್ದರೂ ಹನ್ನೆರಡು ಹದಿನೈದು ದಿನ ಬೇಕು. ಜಾಗ ಸಾಲದೆ ದಪ್ಪಗೆ ಹರವಿದರೆ ಬೂಸ್ಟು ಹಿಡಿಯುತ್ತದೆ. ಹೀಗಾಗಿ ಬಿಸಿಲು ಬೀಳುವ ಸಮ ನೆಲ ಕಾಫಿಗೆ, ಮಿಕ್ಕ ಓರೆ ನೆಲ ಮನುಷ್ಯರಿಗೆ.

ನಾವು ಹೊಸ ಮನೆ ಕಟ್ಟುತ್ತೇವೆಂದರೆ ಬೆಂಗಳೂರಿನ ನೆಂಟರು ಫೋನಿನಲ್ಲಿ “ಒಂದೇ ಅಂತಸ್ತೋ, ಡ್ಯೂಪ್ಲೆಕ್ಸೋ?” ಎಂದು ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಮೂವತ್ತು ನಲವತ್ತರ ಸೈಟು. ಅಲ್ಲಿ ಮೇಲಕ್ಕೆ ಹೋಗದೆ ವಿಧಿಯಿಲ್ಲ. ಇಲ್ಲಿ ಹತ್ತೆಕರೆ ತೋಟ ಇರುವವನೂ ಒಂದು ಹಜಾರದಷ್ಟು ಸಮ ನೆಲ ಬೇಕೆಂದರೆ ಜೇಸಿಬಿಯವನ ಮನೆ ಬಾಗಿಲಿಗೆ ಹೋಗಬೇಕು. ಲೆಕ್ಕ ಸುಲಭ: ಮೂರು ಅಡಿಗೆ ಒಂದಡಿ ಏರುವ ಗುಡ್ಡದಲ್ಲಿ 40 ಅಡಿ ಅಗಲದ ಮನೆ ಕೂರಿಸಲು ಹಿಂದುಗಡೆ 13 ಅಡಿ ದರೆ ಕಡಿಯಬೇಕು. ಅದೇ ಮನೆಯನ್ನು 20 ಅಡಿ ಅಗಲಕ್ಕಿಳಿಸಿ ಮೇಲೊಂದು ಮಹಡಿ ಏರಿಸಿದರೆ ದರೆ ಆರೇಳು ಅಡಿಗೆ ಮುಗಿಯುತ್ತದೆ. ಇಂಜಿನಿಯರು ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಎದುರು ಮಾತೇ ಹೊರಡುವುದಿಲ್ಲ. 2019ರ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿ ಬಂದದ್ದನ್ನು ಕಂಡ ಮೇಲೆ ಹಿತ್ತಿಲಲ್ಲಿ ಎತ್ತರದ ದರೆ ನಿಲ್ಲಿಸಿಕೊಂಡು ನಿದ್ದೆ ಮಾಡುವ ಧೈರ್ಯ ಯಾರಿಗಿದೆ?

ಆದರೆ ಹಳಬರು ಇಂಜಿನಿಯರನ್ನು ಕೇಳದೆ ಇನ್ನೊಂದು ದಾರಿ ಹಿಡಿದಿದ್ದರು. ಅಗಲ ಕಮ್ಮಿ, ಉದ್ದ ಗುಡ್ಡದ ಅಡ್ಡಕ್ಕೆ. ನಮ್ಮ ಕಡೆಯ ಹಳೆಯ ಮನೆಗಳು ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ಮಲಗಿರುತ್ತವೆ: ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಆಚೆಗೆ ಸೌದೆ ಕೊಟ್ಟಿಗೆ. ಅಡುಗೆಮನೆಯಿಂದ ಜಗಲಿಗೆ ಕಾಫಿ ತರುವಷ್ಟರಲ್ಲಿ ಲೋಟ ತಣ್ಣಗಾಗುತ್ತದೆಂಬುದು ನಿಜ. ದರೆ ಮಾತ್ರ ಆಳೆತ್ತರ ದಾಟುವುದಿಲ್ಲ.

ಈ ಮನೆಗಳಿಗೂ ಮೇಲಂತಸ್ತು ಇತ್ತು, ಅದರ ಹೆಸರು ಅಟ್ಟ. ಅದು ಸಾಮಾನಿನ ಜಾಗ. ಮೆಣಸು, ಏಲಕ್ಕಿ, ಅಡಿಕೆ ಮೂಟೆ, ಮದುವೆಗೆ ಮಾತ್ರ ಇಳಿಯುವ ಹಂಡೆ ಎಲ್ಲವೂ ಅಲ್ಲಿ. ಕೆಳಗಿನ ಒಲೆಯ ಹೊಗೆ ಹಲಗೆ ಸಂದಿಯಲ್ಲಿ ನುಸುಳಿ ಮೇಲಿನ ಸರಕನ್ನು ಬೆಚ್ಚಗೆ ಇಡುತ್ತಿತ್ತು, ಹುಳವನ್ನು ದೂರ ಇಡುತ್ತಿತ್ತು. ಮೇಲಕ್ಕೆ ಹೋಗಬೇಕಾದದ್ದು ಸಾಮಾನು, ನೆಲದ ಮೇಲೆ ಇರಬೇಕಾದವರು ಮನುಷ್ಯರು ಎಂಬುದು ಆ ಕಾಲದ ತೀರ್ಮಾನ. ದೊರೆಗಳ ಎಸ್ಟೇಟ್ ಬಂಗಲೆಗಳೂ ಸಾಮಾನ್ಯವಾಗಿ ಸುತ್ತ ವೆರಾಂಡ ಇಟ್ಟುಕೊಂಡ ಒಂದಂತಸ್ತಿನವೇ. ಕೆಳಗಿನ ಲೈನ್ ಮನೆಗಳೂ ಒಂದಂತಸ್ತಿನವೇ. ಸಾಹೇಬರಿಗೂ ಆಳುಗಳಿಗೂ ಒಪ್ಪಿಗೆಯಾಗಿದ್ದ ವಿಷಯ ಇಡೀ ತೋಟದಲ್ಲಿ ಬಹುಶಃ ಇದೊಂದೇ.

ಇದಕ್ಕೆ ಮಳೆಯೂ ಕಾರಣ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದ ಹೆಂಚು ಘಟ್ಟದ ಮೇಲಿನ ಸೂರುಗಳನ್ನೂ ಆಳಿತು. ತಗ್ಗಾದ ಗೋಡೆಯ ಮೇಲೆ ಮೂರು ಅಡಿ ಸೂರು ಚಾಚಿದರೆ ಎರಚಲು ಗೋಡೆ ಮುಟ್ಟುವುದು ಕಷ್ಟ. ಗೋಡೆ ಇಪ್ಪತ್ತು ಅಡಿ ಎತ್ತರವಾದರೆ ಅದೇ ಸೂರು ಮೇಲಿನ ಕಿಟಕಿಗಷ್ಟೇ ಕೊಡೆ. ಕೆಳಗಿನ ಗೋಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ನೆನೆದು, ದಸರಾ ಹೊತ್ತಿಗೆ ಪಶ್ಚಿಮದ ಬಣ್ಣವೆಲ್ಲ ಪಾಚಿ ಹಸಿರು. ತಿಳಿದವರು ನಡುವೆ ಇನ್ನೊಂದು ಕಿರುಸೂರು ಕೊಡುತ್ತಾರೆ. ಮಿಕ್ಕವರು ವರ್ಷ ವರ್ಷ ಪೇಂಟ್ ಅಂಗಡಿಯವನನ್ನು ಸಾಕುತ್ತಾರೆ.

ಈಗ ತಾರಸಿಯ ಕಾಲ. ತಾರಸಿ ಹಾಕುತ್ತಾರೆ, ಎರಡು ಮಳೆಗಾಲಕ್ಕೆ ಸೋರುತ್ತದೆ, ಮೂರನೆಯದಕ್ಕೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಕೊಟ್ಟಿಗೆಹಾರದಿಂದ ಕಳಸದವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಹೋಗಿ, ಒಂದೂ ಅಲ್ಲದ ಎರಡೂ ಅಲ್ಲದ ಇಂಥ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ. ನಗಬೇಡಿ, ಆ ಶೀಟಿನ ಕೆಳಗಿನ ಜಾಗವೇ ಮನೆಯ ಅತಿ ಉಪಯುಕ್ತ ಕೋಣೆ. ಬಟ್ಟೆ ಒಣಗುವುದು ಅಲ್ಲಿ, ಅಕಾಲದ ಮಳೆಗೆ ಕಣದಿಂದ ಎತ್ತಿದ ಕಾಫಿ ಬೀಳುವುದು ಅಲ್ಲಿ. ಅಟ್ಟ ಹೊಗೆ ಬಿಟ್ಟು ಬಿಸಿಲಿಗೆ ಬಂದಿದೆ, ಅಷ್ಟೇ.

ನಮ್ಮ ಮನೆ ಚರ್ಚೆಯಲ್ಲಿ ಮಹಡಿಯನ್ನು ಕೆಡವಿದ್ದು ಅಬ್ಬಿ ನೀರು. ಮೇಲಿನ ಕಾಡಿನ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು ಬಚ್ಚಲ ಹಂಡೆಗೆ ಸಲೀಸಾಗಿ ಬೀಳುತ್ತದೆ. ಮಹಡಿಯ ಮೇಲಿನ ಟ್ಯಾಂಕಿಗೆ ಏರುವಷ್ಟು ಎತ್ತರ ಅದಕ್ಕಿಲ್ಲ. ಮೋಟಾರು ಇಡಬಹುದು. ಆದರೆ ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ ಲೈನ್‌ಮನ್ ಬರುವವರೆಗೆ ಮೇಲಿನವರೆಲ್ಲ ಕೊಡ ಹಿಡಿದು ಕೆಳಗಿಳಿಯಬೇಕು. ಮಗಳ ವಾದ ಬೇರೆ: “ಅಪ್ಪಾ, ಮೇಲೆ ಎರಡು ರೂಮಿದ್ರೆ ಹೋಂಸ್ಟೇ ಮಾಡ್ಬಹುದು.” ಮಾಡುವವರು ಯಾರು ಎಂದು ಅವಳಮ್ಮ ಕೇಳಿದಳು. ಮಗಳು ಇರುವುದು ಬೆಂಗಳೂರಿನಲ್ಲಿ. ಇಲ್ಲಿನ ಎಷ್ಟೋ ಮಹಡಿಗಳು ಮಕ್ಕಳು ದೀಪಾವಳಿಗೆ ಬರುತ್ತಾರೆಂದು ಕಟ್ಟಿದವು. ಮಂಡಿನೋವಿನ ಅಪ್ಪ ಅಮ್ಮ ವರ್ಷವಿಡೀ ಅದರ ಕಸ ಗುಡಿಸುತ್ತಾರೆ.

ನನ್ನ ತಾಯಿಯದು ಇನ್ನೂ ನೇರ ಮಾತು. “ಮೆಟ್ಲು ಇಲ್ದಿರೋ ಮನೆ ಅಂತೀರಲ್ಲ, ಕಣಕ್ಕೆ ಇಳಿಯೋಕೆ ಹದ್ನಾಲ್ಕು ಮೆಟ್ಲು, ರಸ್ತೆಗೆ ಹತ್ತೋಕೆ ಅದರ ಎರಡರಷ್ಟು. ಅವುಕ್ಕೇನ್ ಮಾಡ್ತೀರಿ?” ಏನೂ ಮಾಡುವಂತಿಲ್ಲ. ಗುಡ್ಡದಲ್ಲಿ ಮನೆ ಒಂದಂತಸ್ತಿನದಾದರೂ ಬದುಕು ನಾಲ್ಕಂತಸ್ತಿನದು. ಹೊರಗಿನ ಮೆಟ್ಟಿಲನ್ನು ದಿನಕ್ಕೊಮ್ಮೆ ಹತ್ತಿದರಾಯಿತು, ಬಚ್ಚಲಿಗೆ ನಡುರಾತ್ರಿ ಇಳಿಯುವುದು ಬೇಡ ಎಂದು ನಾನು ಒಂದೇ ಅಂತಸ್ತಿಗೆ, ಉದ್ದ ಮನೆಗೆ, ಹೆಂಚಿಗೆ ಒಪ್ಪಿದೆ.

ಒಪ್ಪದವನು ಮೇಸ್ತ್ರಿ. ಈಚೆಗೆ ಎಲ್ಲರೂ ತಾರಸಿಯ ಮೂಲೆಗಳಲ್ಲಿ ಕಂಬಿ ಉದ್ದಕ್ಕೆ ಬಿಡಿಸುತ್ತಾರೆ, ಮುಂದೆ ಯಾವತ್ತಾದರೂ ಮೇಲೆ ಕಟ್ಟಲು. ಮಳೆ ಆ ಕಂಬಿಗುಂಟ ಇಳಿದು ಕಂಬದೊಳಗೆ ತುಕ್ಕು ಹಿಡಿಸುತ್ತದೆಂದು ಹೇಳಿದರೂ ಅವನಿಗೆ ಸಮಾಧಾನವಿಲ್ಲ.

“ಹೆಂಚು ಹಾಕಿದ್ರೆ ಮೇಲೆ ಕಟ್ಟೋಕಾಗಲ್ಲ ಗೌಡ್ರೇ, ಇನ್ನೊಂದ್ಸಲ ಯೋಚ್ನೆ ಮಾಡಿ.”

“ಬೇಕಾದ್ರೆ ಪಕ್ಕಕ್ಕೆ ಕಟ್ತೀವಿ ಬಿಡಪ್ಪ,” ಅಂದೆ.

“ಪಕ್ಕದಲ್ಲಿ ದರೆ ಇದೆಯಲ್ಲ,” ಅಂದ.