ಹೆಸರಿನ ಹೊಲದಿಂದ ಶಿರಹಟ್ಟಿ ದವಾಖಾನೆಗೆ

"ಮೊಣಕೈ ಮಡಚಬ್ಯಾಡ್ರಿ. ಭುಜದ ಭಾರ ಹಾಕಿ ಒತ್ತ್ರಿ."

ಗದಗಿನ ಪ್ಯಾರಾಮೆಡಿಕಲ್ ಕಾಲೇಜೊಂದರ ಪ್ರಾಯೋಗಿಕ ಕೋಣೆ. ನೆಲದ ಮೇಲೆ ಕೈಕಾಲಿಲ್ಲದ ರಬ್ಬರ್ ಬೊಂಬೆ. ಅದರ ಎದೆಯ ಮೇಲೆ ಅಂಗೈ ಊರಿ ಮಂಡಿಗಾಲಲ್ಲಿ ಕೂತವಳು ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಎದೆ 5ರಿಂದ 6 ಸೆಂಟಿಮೀಟರ್ ಇಳಿಯಬೇಕು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ 30 ಒತ್ತಿಗೆ 2 ಉಸಿರು. ಎರಡು ನಿಮಿಷ ಆಗುವಷ್ಟರಲ್ಲಿ ಅವಳ ಹಣೆಯ ಬೆವರು ಬೊಂಬೆಯ ಮೇಲೆ ತೊಟ್ಟಿಕ್ಕುತ್ತದೆ. "ಕೈ ಬದಲಸ್ರಿ" ಎನ್ನುತ್ತಾರೆ ಮೇಷ್ಟ್ರು. ದಣಿದ ಕೈ ಒತ್ತುತ್ತಲೇ ಇರುತ್ತದೆ, ಎದೆ ಮಾತ್ರ ಇಳಿಯುವುದಿಲ್ಲ. ಪಕ್ಕದಲ್ಲಿ ಕಾದಿದ್ದ ಲಕ್ಷ್ಮೇಶ್ವರದ ಹುಡುಗ ಎಣಿಕೆ ತಪ್ಪಿಸದೆ ಆ ಜಾಗಕ್ಕೆ ಸರಿಯುತ್ತಾನೆ.

ಅಂಗರಚನೆ, ಶರೀರಕ್ರಿಯೆ, ಔಷಧಗಳ ಪಾಠ ಮುಗಿಯುತ್ತಿದ್ದಂತೆ ವಾರ್ಡಿನ ಪಾಳಿ. ಕೀಟನಾಶಕ ಕುಡಿದು ಮುಂಡರಗಿ ಕಡೆಯಿಂದ ಬಂದವರ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುವುದನ್ನು ಟಾರ್ಚ್ ಹಿಡಿದು ನೋಡಿಯೇ ಕಲಿಯಬೇಕು. ಅಟ್ರೋಪಿನ್ ಏರಿದಂತೆ ಎದೆಯ ಗುರುಗುರು ಹೇಗೆ ಇಳಿಯುತ್ತದೆಂದು ಸ್ಟೆತಸ್ಕೋಪಿಟ್ಟು ಕೇಳಬೇಕು. ಇಷ್ಟು ಕಲಿತವರನ್ನೂ 'ಡಾಕ್ಟರ್ ಆಗಲಿಕ್ಕೆ ಆಗಲಿಲ್ಲವಂತೆ' ಎಂದು ನೆಂಟರಿಷ್ಟರು ಮಾತಾಡಿಕೊಳ್ಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆರೋಗ್ಯ ವೃತ್ತಿಪರರ ಕುರಿತ 2021ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಪ್ಯಾರಾಮೆಡಿಕ್ ಎಂಬುದು ತನ್ನದೇ ಹೆಸರಿರುವ, ತನ್ನದೇ ಹೊಣೆಯಿರುವ ವೃತ್ತಿ.

ಸಂಜೆ. ಬನ್ನಿ, ಶಿರಹಟ್ಟಿ ಕಡೆಯ 108ರಲ್ಲಿ ನಾವೂ ಹತ್ತಿ ಕೂಡೋಣ. 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಲ್ಲಿ ರಾಜ್ಯದಲ್ಲಿ ಶುರುವಾದ ಸೇವೆ ಇದು. ಇಲ್ಲಿ ಚಾಲಕನಿಗೆ ಪೈಲಟ್ ಎನ್ನುತ್ತಾರೆ. ಹಿಂದೆ ಹಿರಿಯ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಅವರ ಎದುರಿಗೆ ಕಲಿಯಲು ಬಂದ ನಮ್ಮ ಬೆಟಗೇರಿ ಹುಡುಗಿ. ಫೋನ್ ಬಂದಿರುವುದು ಕಪ್ಪತಗುಡ್ಡದ ಸೆರಗಿನ ಹಳ್ಳಿಯಿಂದ. ಹೆಸರು ಬಿಡಿಸುವಾಗ ಹೆಂಗಸೊಬ್ಬಳ ಕಾಲಿಗೆ ಹಾವು ಕಚ್ಚಿದೆ.

ಹೊಲದ ದಾರಿಯಲ್ಲಿ ಗಾಡಿ ನಿಲ್ಲುತ್ತದೆ. ಜನ ಸುತ್ತುಗಟ್ಟಿದ್ದಾರೆ. "ಹಾವು ಹುಡುಕಾಕ ಹತ್ಯಾರ್ರೀ, ಹೊಡದು ತರ್ತಾರ" ಎನ್ನುತ್ತಾನೆ ಗಂಡ. "ಹಾವು ಬ್ಯಾಡ್ರಿ ಕಾಕಾ. ಎಷ್ಟೊತ್ತಿಗೆ ಕಚ್ಚೇತಿ, ಅದನ್ನ ಹೇಳ್ರಿ." ಹುಡುಗಿ ಸಮಯವನ್ನು ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ. ಹಿಮ್ಮಡಿಯ ಮೇಲೆ ಎರಡು ಚುಕ್ಕೆ, ಸುತ್ತ ಊತ. ಮೊಣಕಾಲ ಕೆಳಗೆ ಸೀರೆಯ ಅಂಚು ಹರಿದು ಬಿಗಿದ ಕಟ್ಟು. ಅದನ್ನು ಬಿಚ್ಚಲು ಕೈ ಚಾಚುತ್ತಾಳೆ.

"ತಡಿ ತಂಗಿ. ಮೊದಲ ಪಾದದಾಗ ನಾಡಿ ಐತೇನು ನೋಡು."

ಬೆರಳಿಗೆ ನಾಡಿ ಸಿಗುವುದಿಲ್ಲ. ಅಂಥ ಕಟ್ಟನ್ನು ಏಕಾಏಕಿ ಬಿಚ್ಚಿದರೆ ಕೆಳಗೆ ತಡೆದಿದ್ದ ವಿಷವೆಲ್ಲ ಒಮ್ಮೆಲೇ ಮೇಲೇರಬಹುದು, ರಕ್ತದೊತ್ತಡ ಕುಸಿಯಬಹುದು. ವೈದ್ಯರ ಎದುರಿಗೇ ಬಿಚ್ಚಬೇಕು. ಚಾಚಿದ ಕೈಯನ್ನು ಹಿಂತೆಗೆದುಕೊಳ್ಳುವುದು ಈ ಓದಿನಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಎಂದು ನನಗನ್ನಿಸುತ್ತದೆ. ಬೊಂಬೆ ಅದನ್ನು ಕಲಿಸಲಾರದು.

ಮುರಿದ ಕಾಲಿಗೆ ಕಟ್ಟುವಂತೆ ಪಟ್ಟಿ ಇಟ್ಟು ಕಾಲನ್ನು ಅಲುಗಾಡದಂತೆ ಮಾಡಿ ಸ್ಟ್ರೆಚರಿನಲ್ಲೇ ಎತ್ತುತ್ತಾರೆ, ಒಂದು ಹೆಜ್ಜೆಯನ್ನೂ ನಡೆಸುವುದಿಲ್ಲ. ಗಾಡಿ ಹೊರಡುತ್ತದೆ.

"ನಾ ಉಳಿತೀನೇನ ಯವ್ವಾ?"

"ಉಳಿತೀರಿ ಯಕ್ಕಾ. ಈಗ ಒಂದ ಉಸಿರಿನ್ಯಾಗ ಒಂದು, ಎರಡು ಅಂತ ಎಣಸ್ತಾ ಹೋಗ್ರಿ."

ಅವಳು ಎಣಿಸುತ್ತಾಳೆ. ಎಲ್ಲಿ ನಿಂತಿತೋ ಆ ಸಂಖ್ಯೆ ಹಾಳೆಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಕೆ. ನಾಗರ ಅಥವಾ ಕಟ್ಟುಹಾವಿನ ವಿಷವಾದರೆ ರೆಪ್ಪೆಗಳು ಜೋತುಬೀಳುತ್ತವೆ, ಉಸಿರಿನ ಸ್ನಾಯು ಸೋಲುತ್ತ ಎಣಿಕೆ ಇಳಿಯುತ್ತದೆ. ಇಳಿದರೆ ಆಂಬು ಚೀಲದಿಂದ ಉಸಿರು ಕೊಡಬೇಕು. ಇವಳದು ಇಳಿದಿಲ್ಲ, ಆದರೆ ಊತ ಏರುತ್ತಿದೆ. ಮಂಡಲದ ಹಾವಿರಬೇಕು.

ಗದಗಿನ ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ಗಂಡ ಹಟ ಹಿಡಿಯುತ್ತಾನೆ. ಇಎಂಟಿ ಒಪ್ಪುವುದಿಲ್ಲ. ಔಷಧಿ ಎಲ್ಲಿ ಹತ್ತಿರವೋ ಅಲ್ಲಿಗೆ ಮೊದಲು. ಶಿರಹಟ್ಟಿ ತಾಲ್ಲೂಕು ಆಸ್ಪತ್ರೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು ಒಣಗಿದ, ಶುಚಿಯಾದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಮುಟ್ಟದೆ ಇಡುತ್ತಾರೆ. ಪ್ಲಾಸ್ಟಿಕ್ ನಳಿಗೆ ನಡೆಯುವುದಿಲ್ಲ, ಅದರಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹುಡುಗಿ ಗಡಿಯಾರದಿಂದ ಕಣ್ಣು ಕೀಳುವುದಿಲ್ಲ. ಸಮಯವಾದ ಮೇಲೆ ನಳಿಗೆ ವಾಲಿಸಿದರೆ ರಕ್ತ ನೀರಿನಂತೆ ಹರಿಯುತ್ತದೆ. ಹೆಪ್ಪುಗಟ್ಟಿಲ್ಲ. ಅಡ್ರಿನಾಲಿನ್ ಪಕ್ಕಕ್ಕಿಟ್ಟುಕೊಂಡು 10 ವಾಯಲ್ ಪ್ರತಿವಿಷ ಸಲೈನಿನಲ್ಲಿ ಬೆರೆಸಿ ಏರಿಸುತ್ತಾರೆ. ಮಕ್ಕಳಿಗೂ ಇದೇ ಪ್ರಮಾಣ; ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ. ಸೀರೆಯ ಕಟ್ಟನ್ನು ವೈದ್ಯರು ಈಗ ನಿಧಾನ ಸಡಿಲಿಸುತ್ತಾರೆ.

ಹುಡುಗಿ ತನ್ನ ಹಾಳೆಯನ್ನು ವೈದ್ಯರ ಕೈಗೆ ಕೊಡುತ್ತಾಳೆ: ಕಚ್ಚಿದ ಸಮಯ, ನಾಡಿ, ಎಣಿಕೆ, ಊತ ಎಲ್ಲಿಯವರೆಗೆ ಬಂತು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆ ವರದಿಯ ಮೊದಲ ಸಾಲು ಹೊಲದ ದಾರಿಯಲ್ಲೇ ಬರೆದದ್ದು.

ಹೊಲದಲ್ಲಿ ದುಡಿಯುವವರಲ್ಲಿ ಒಂದು ಕೈಮುಗಿದ ಬೇಡಿಕೆ. ಕಚ್ಚಿದ ಜಾಗ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿದು ಕಟ್ಟಬೇಡಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ಕಾಲು ಅಲುಗಿಸದೆ ಮಲಗಿಸಿ, ಸಮಯ ನೆನಪಿಟ್ಟುಕೊಳ್ಳಿ, 108ಕ್ಕೆ ಫೋನ್ ಮಾಡಿ.