ಆರು ರನ್ನುಗಳ ಅಂತರ

ಮೈಸೂರಿಗೆ ಬರುವ ಪ್ರವಾಸಿಗರು ಅರಮನೆಯನ್ನೂ ಚಾಮುಂಡಿಬೆಟ್ಟವನ್ನೂ ಕಣ್ತುಂಬ ಕಂಡು ಹಿಂದಿರುಗುತ್ತಾರೆ. ಕುಕ್ಕರಹಳ್ಳಿ ಕೆರೆಯ ನೆರೆಯಲ್ಲಿ, ಕುವೆಂಪು ಅವರು ಮಾನಸಗಂಗೋತ್ರಿಯೆಂದು ಹೆಸರಿಟ್ಟ ವಿಶ್ವವಿದ್ಯಾನಿಲಯದ ಆವರಣದೊಳಗಿನ ಕ್ರಿಕೆಟ್ ಮೈದಾನದತ್ತ ಅವರು ಸುಳಿಯುವುದು ವಿರಳ. ಗಂಗೋತ್ರಿ ಗ್ಲೇಡ್ಸ್ ಎಂದು ಪ್ರಸಿದ್ಧವಾದ ಈ ಅಂಗಳವು ಇಂದು ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತಿದೆ. ಮಹಾನಗರಗಳ ಕ್ರೀಡಾಂಗಣಗಳಂತೆ ಮುಗಿಲು ಮುಟ್ಟುವ ಗ್ಯಾಲರಿಗಳು ಇಲ್ಲಿಲ್ಲ. ಸುತ್ತಲೂ ಮರಗಳ ಹಸಿರು.

2010ರ ಜನವರಿಯಲ್ಲಿ ಈ ಪ್ರಶಾಂತ ತಾಣಕ್ಕೆ ಜನಸಾಗರವೇ ಹರಿದುಬಂದಿತು. ರಣಜಿ ಟ್ರೋಫಿಯ ಅಂತಿಮ ಪಂದ್ಯ; ಎದುರಾಳಿ ಬಲಾಢ್ಯ ಮುಂಬಯಿ. ಮೊದಲ ಇನ್ನಿಂಗ್ಸಿನಲ್ಲಿ 130ಕ್ಕೇ ಕುಸಿದಿದ್ದ ಕರ್ನಾಟಕಕ್ಕೆ ಎರಡನೆಯದರಲ್ಲಿ ಗೆಲ್ಲಲು ಬೇಕಾದುದು 338 ರನ್ನು. ಇಪ್ಪತ್ತರ ತರುಣ ಮನೀಷ್ ಪಾಂಡೆ 144 ರನ್ನು ಬಾರಿಸಿ, ಕೈತಪ್ಪಿತೆಂದಿದ್ದ ಪಂದ್ಯವನ್ನು ಗೆಲುವಿನ ಹೊಸ್ತಿಲಿಗೆ ತಂದರು. ಅವರು ನಿರ್ಗಮಿಸಿದ ಮೇಲೂ ಆಸೆ ಕಮರಲಿಲ್ಲ. ಆದರೆ 331ಕ್ಕೆ ಕೊನೆಯ ವಿಕೆಟ್ಟೂ ಉರುಳಿತು. ಸೋಲಿನ ಅಂತರ ಕೇವಲ 6 ರನ್ನು!

ನಾಲ್ಕು ವರ್ಷಗಳ ತರುವಾಯ ಕರ್ನಾಟಕವು ಹೈದರಾಬಾದಿನಲ್ಲಿ ಆ ಟ್ರೋಫಿಯನ್ನು ಗೆದ್ದುಕೊಂಡಿತು. ಆದರೂ ಗಂಗೋತ್ರಿಯ ಹೆಸರೆತ್ತಿದೊಡನೆ ಕ್ರಿಕೆಟ್ ಪ್ರಿಯರ ನೆನಪಿಗೆ ಬರುವುದು ಆ ಸೋಲೇ. ಗೆಲುವಿನಿಂದ ಹೆಸರಾದ ಅಂಗಳಗಳು ಅನೇಕ. ಕೆಚ್ಚಿನ ಸೋಲಿನಿಂದ ಮನೆಮಾತಾದವು ವಿರಳ.